ಸಮುದ್ರಕ್ಕೆ ನಾಲ್ಕು ದಿನದ ದಾರಿ

ದಸರೆ ರಜೆ ಹತ್ತಿರ ಬಂತೆಂದರೆ ಮೈಸೂರಿನಲ್ಲಿ ಎರಡು ಬಗೆಯ ಮನೆಗಳು ಕಾಣಸಿಗುತ್ತವೆ. ಬರುವ ನೆಂಟರಿಗಾಗಿ ಹಾಸಿಗೆ ಒಣಹಾಕುವ ಮನೆಗಳು ಒಂದು. ಊರಿನ ಗದ್ದಲವೇ ಬೇಡವೆಂದು ಬೀಗ ಹಾಕಿ ಹೊರಡುವ ಮನೆಗಳು ಇನ್ನೊಂದು. ಈ ವರ್ಷ ನಮ್ಮದು ಅರ್ಧ ಅದು, ಅರ್ಧ ಇದು. ನಾನೂ ನನ್ನ ಹೆಂಡತಿಯೂ ನೆಂಟರಿಗೆ ಕಾಫಿ ಮಾಡಿಕೊಂಡು ಮನೆಯಲ್ಲಿರುತ್ತೇವೆ. ಮಗ ತನ್ನ ಏಳು ವರ್ಷದ ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮಲ್ಪೆಯ ಸಮುದ್ರ ತೋರಿಸಲು ಹೊರಡುತ್ತಾನೆ.

ಈ ಮಾತು ಮನೆಯಲ್ಲಿ ಮೊದಲು ಎದ್ದಾಗ ನನ್ನ ಹೆಂಡತಿ ಒಂದೇ ವಾಕ್ಯದಲ್ಲಿ ಮುಗಿಸಿದಳು: "ಕಾರು ಮಾಡಿಕೊಂಡು ಹೋಗ್ರೋ." ನಿಮ್ಮಲ್ಲಿಯೂ ಅನೇಕರು ಹಾಗೆಯೇ ಅನ್ನುತ್ತೀರಿ. ಅದರಲ್ಲಿ ತಪ್ಪೇನೂ ಇಲ್ಲ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಈ ಅಂಕಿಯನ್ನು ಓದಿದ ಯಾವ ಅಜ್ಜಿಯೂ ಸುಲಭವಾಗಿ ಹೂಂ ಅನ್ನಲಾರಳು.

ಆದರೆ ಮೊಮ್ಮಗಳ ಕಡೆಯಿಂದಲೂ ಒಂದು ಲೆಕ್ಕ ಇದೆ. ವಾರದ ಐದು ದಿನ ಅಪ್ಪ ಮನೆಗೆ ಬರುವ ಹೊತ್ತಿಗೆ ಅವಳು ಮಲಗಿರುತ್ತಾಳೆ. ಬೆಳಿಗ್ಗೆ ಶಾಲೆಯ ವ್ಯಾನು ಬರುವ ಹೊತ್ತಿಗೆ ಅವನು ಮಲಗಿರುತ್ತಾನೆ. ಅವಳಿಗೆ ಬೇಕಾಗಿರುವುದು ಸಮುದ್ರ ಎಷ್ಟೋ, ಅಪ್ಪನ ಬೆನ್ನು ಹಿಡಿದು ಕೂರುವ ಕೆಲವು ದಿನಗಳೂ ಅಷ್ಟೇ. ಹಾಗಾಗಿ ನಮ್ಮ ಮನೆಯಲ್ಲಿ ಚರ್ಚೆ "ಹೋಗಬೇಕೇ ಬೇಡವೇ" ಎಂಬಲ್ಲಿ ನಿಲ್ಲದೆ "ಹೇಗೆ ಹೋದರೆ ಹೋಗಬಹುದು" ಎಂಬಲ್ಲಿಗೆ ಬಂತು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನೆಂದು ಕಾಗದ ಪೆನ್ನು ನನ್ನ ಕೈಗೆ ಬಂತು.

ಸೊಸೆ ಕೇಳಿದ ಪ್ರಶ್ನೆ

ಮಗನ ಮೊದಲ ಯೋಜನೆ ಹೀಗಿತ್ತು. ಮೈಸೂರಿನಿಂದ ಹಾಸನ, ಬೇಲೂರು, ಚಿಕ್ಕಮಗಳೂರು, ಶೃಂಗೇರಿ, ಆಗುಂಬೆ, ಉಡುಪಿ, ಮಲ್ಪೆ. ಒಟ್ಟು ಸುಮಾರು 360 ಕಿಲೋಮೀಟರ್. ಬೆಳಿಗ್ಗೆ ಐದಕ್ಕೆ ಹೊರಟರೆ ಸಂಜೆ ಸೂರ್ಯ ಮುಳುಗುವ ಮೊದಲು ಸಮುದ್ರ. ಫೋನಿನ ನಕ್ಷೆಯೂ ಹಾಗೆಯೇ ಹೇಳುತ್ತಿತ್ತು. ಅವನೊಬ್ಬನೇ ಹೊರಟರೆ ಅದು ಸಾಧ್ಯವೂ ಹೌದು.

ಆಗ ಸೊಸೆ ಒಂದು ಪ್ರಶ್ನೆ ಕೇಳಿದಳು: "ಅವಳು ನಿದ್ದೆ ಹೋದರೆ?"

ಯಾರಿಗೂ ಉತ್ತರ ಹೊಳೆಯಲಿಲ್ಲ. ಯೋಚಿಸಿ ನೋಡಿ. ಕಾರಿನಲ್ಲಿ ಮಗು ನಿದ್ದೆ ಹೋದರೆ ಎಲ್ಲರಿಗೂ ಸಮಾಧಾನ. ಬೈಕಿನಲ್ಲಿ ಹಿಡಿದ ಕೈ ಸಡಿಲವಾಗುತ್ತದೆ, ಹೆಲ್ಮೆಟ್ಟಿನ ಭಾರಕ್ಕೆ ತಲೆ ಒಂದು ಕಡೆ ವಾಲುತ್ತದೆ, ಮೈ ಅದರ ಹಿಂದೆ ಹೋಗುತ್ತದೆ. ಓಡಿಸುವವನಿಗೆ ಬೆನ್ನ ಹಿಂದೆ ಕಣ್ಣಿಲ್ಲ. ತಿರುಗಿ ನೋಡೋಣವೆಂದರೆ, ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಮುಂದೆ ಹೋಗಿರುತ್ತದೆ. ಎರಡು ಸೆಕೆಂಡು ಹಿಂದೆ ನೋಡಿದರೆ 28 ಮೀಟರ್ ರಸ್ತೆಯನ್ನು ಕಣ್ಣು ಮುಚ್ಚಿ ಓಡಿಸಿದ ಹಾಗೆ.

ಆ ಪ್ರಶ್ನೆಯಿಂದಲೇ ನಮ್ಮ ಇಡೀ ಯೋಜನೆ ಬದಲಾಯಿತು. ನಕ್ಷೆ ರಸ್ತೆಯ ಉದ್ದವನ್ನು ಹೇಳುತ್ತದೆ. ಮಗು ಎಷ್ಟು ಹೊತ್ತು ಎಚ್ಚರವಾಗಿ, ಗಟ್ಟಿಯಾಗಿ ಹಿಡಿದು ಕೂರಬಲ್ಲದು ಎಂಬುದು ಅದಕ್ಕೆ ಗೊತ್ತಿಲ್ಲ. ನಾವು ಅಳೆಯಬೇಕಾದದ್ದು ಅದನ್ನೇ.

ಭಾನುವಾರದ ಪರೀಕ್ಷೆಗಳು

ಅಳೆಯುವುದು ಹೇಗೆ? ಪರೀಕ್ಷೆ ಮಾಡಿಯೇ. ಮೂರು ಭಾನುವಾರ ಮಗನೂ ಮೊಮ್ಮಗಳೂ ಸಣ್ಣ ಸಣ್ಣ ಪ್ರಯಾಣ ಮಾಡಿದರು. ಮೊದಲನೆಯದು ಶ್ರೀರಂಗಪಟ್ಟಣಕ್ಕೆ, ಸುಮಾರು 15 ಕಿಲೋಮೀಟರ್. ಎರಡನೆಯದು ನಂಜನಗೂಡಿಗೆ, ಸುಮಾರು 25. ಮೂರನೆಯದು ಸೋಮನಾಥಪುರಕ್ಕೆ, ಸುಮಾರು 35. ನಾನು ಮನೆಯಲ್ಲಿ ಕೂತು ಗಡಿಯಾರ ನೋಡಿ ಬರೆದುಕೊಂಡೆ. ಹೊರಟದ್ದು ಎಷ್ಟಕ್ಕೆ, ನಿಂತದ್ದು ಎಷ್ಟಕ್ಕೆ, ಅವಳು ಮೊದಲು ಮಿಸುಕಾಡಿದ್ದು ಯಾವಾಗ ಎಂಬುದನ್ನೆಲ್ಲ ಮಗ ಹೇಳುತ್ತಿದ್ದ.

ಬೆಳಗಿನ ಹೊತ್ತು ಸುಮಾರು 45 ನಿಮಿಷದವರೆಗೆ ಅವಳು ಚುರುಕಾಗಿದ್ದಳು. ಆಮೇಲೆ ಕಾಲು ಜೋಮು, ಬಾಯಾರಿಕೆ, "ಇನ್ನೆಷ್ಟು ದೂರ" ಎಲ್ಲ ಶುರು. ನಂಜನಗೂಡಿನಲ್ಲಿ ಊಟ ಮಾಡಿ ವಾಪಸು ಬರುವಾಗ ಮಾತ್ರ ಅರ್ಧ ಗಂಟೆಯೂ ಆಗಿರಲಿಲ್ಲ, ಅವಳ ಹೆಲ್ಮೆಟ್ಟು ಅಪ್ಪನ ಬೆನ್ನಿಗೆ ಟಕ್ ಟಕ್ ಎಂದು ತಾಗತೊಡಗಿತು. ಮಗ ಕೂಡಲೇ ಪಕ್ಕಕ್ಕೆ ನಿಲ್ಲಿಸಿ, ಮರದ ಕೆಳಗೆ ಇಪ್ಪತ್ತು ನಿಮಿಷ ಕೂರಿಸಿ, ಮುಖ ತೊಳೆಸಿ ಕರೆತಂದ.

ಇದರಿಂದ ನಮಗೆ ಎರಡು ನಿಯಮ ಸಿಕ್ಕವು. ಒಂದು, ಅರ್ಧ ಗಂಟೆ ಓಟ, ಕಾಲು ಗಂಟೆ ನಿಲುಗಡೆ. ಅವಳು 45 ನಿಮಿಷ ತಾಳಬಲ್ಲಳು ಎಂದು ಗೊತ್ತಿದ್ದರೂ ಖಾತೆಯನ್ನು ಸೊನ್ನೆಗೆ ಇಳಿಸಬಾರದು. ಕನಿಷ್ಠ ಶಿಲ್ಕು ಉಳಿಸಿಕೊಳ್ಳಬೇಕು. ಎರಡು, ಮಧ್ಯಾಹ್ನದ ಊಟದ ಮೇಲೆ ಮಗು ಬೈಕು ಹತ್ತಬಾರದು. ಆ ದಿನದ ಪ್ರಯಾಣ ಊಟಕ್ಕೆ ಮೊದಲೇ ಮುಗಿಯಬೇಕು.

ನಿಮ್ಮ ಮಗುವಿನ ಅಂಕಿ ಬೇರೆ ಇರಬಹುದು. ಒಬ್ಬರಿಗೆ 20 ನಿಮಿಷ, ಇನ್ನೊಬ್ಬರಿಗೆ 40. ಪಕ್ಕದ ಮನೆಯ ಮಗು ತಾಳಿತು ಎಂದು ನಿಮ್ಮದೂ ತಾಳಬೇಕೆಂದಿಲ್ಲ. ಪರೀಕ್ಷೆ ನೀವೇ ಮಾಡಬೇಕು, ಅದೂ ಊರಿನ ಹತ್ತಿರ, ಮನೆಗೆ ಬೇಗ ಮರಳಬಹುದಾದ ದೂರದಲ್ಲಿ.

ಒಂದು ದಿನ ನಾಲ್ಕಾದ ಬಗೆ

ಈಗ ಮೊದಲ ದಿನದ ಲೆಕ್ಕ ಹಾಕೋಣ. ಮಕ್ಕಳೇ, ನೀವೂ ಪೆನ್ಸಿಲು ಹಿಡಿಯಿರಿ. ಮೈಸೂರಿನಿಂದ ಕೃಷ್ಣರಾಜನಗರ, ಹೊಳೆನರಸೀಪುರದ ಮೇಲೆ ಹಾಸನಕ್ಕೆ ಸುಮಾರು 118 ಕಿಲೋಮೀಟರ್. ಸರಾಸರಿ ವೇಗ ಗಂಟೆಗೆ 40 ಎಂದುಕೊಳ್ಳಿ. ಓಟಕ್ಕೇ ಸುಮಾರು ಮೂರು ಗಂಟೆ, ಅಂದರೆ ಅರ್ಧ ಗಂಟೆಯ ಆರು ತುಂಡು. ಆರು ತುಂಡಿನ ನಡುವೆ ಐದು ನಿಲುಗಡೆ. ಐದು ಹದಿನೈದಲೆ ಎಪ್ಪತ್ತೈದು ನಿಮಿಷ. ತಿಂಡಿಗೆ ಇನ್ನೊಂದು ಅರ್ಧ ಗಂಟೆ. ಒಟ್ಟು ನಾಲ್ಕು ಮುಕ್ಕಾಲು ಗಂಟೆ. ಬೆಳಿಗ್ಗೆ ಆರೂವರೆಗೆ ಹೊರಟರೆ ಹನ್ನೊಂದು ಕಾಲಿಗೆ ಹಾಸನ. ಅಲ್ಲಿಗೆ ದಿನ ಮುಗಿಯಿತು.

ಎರಡನೆಯ ದಿನ ಹಾಸನದಿಂದ ಬೇಲೂರಿನ ಮೇಲೆ ಚಿಕ್ಕಮಗಳೂರು, ಸುಮಾರು 65 ಕಿಲೋಮೀಟರ್. ಬೇಕೆಂದೇ ಇದನ್ನು ಚಿಕ್ಕದು ಮಾಡಿದ್ದೇವೆ. ಮೊದಲ ದಿನದ ಆಯಾಸ ಮಕ್ಕಳಲ್ಲಿ ಎರಡನೆಯ ದಿನ ತೋರುತ್ತದೆ. ಬೇಲೂರಿನಲ್ಲಿ ಚೆನ್ನಕೇಶವನ ಗುಡಿಯ ಅಂಗಳವಿದೆ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಈ ಗುಡಿ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಗೋಡೆಯ ಮೇಲಿನ ಆನೆಗಳ ಸಾಲನ್ನು ಎಣಿಸುತ್ತ ಅವಳು ಒಂದು ಗಂಟೆ ಓಡಾಡಿದರೆ ಜೋಮು ಹಿಡಿದ ಕಾಲಿಗೆ ಅದೇ ಔಷಧ.

ಮೂರನೆಯ ದಿನ ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ಮೇಲೆ ಶೃಂಗೇರಿ, ಸುಮಾರು 90 ಕಿಲೋಮೀಟರ್. ಕಾಫಿ ತೋಟಗಳ ನಡುವಿನ ತಿರುವು ದಾರಿ. ಇಲ್ಲಿ 40ರ ಸರಾಸರಿ ಸಿಗುವುದಿಲ್ಲ, 30 ಹಿಡಿದಿದ್ದೇವೆ. ನಾಲ್ಕನೆಯ ದಿನ ಶೃಂಗೇರಿಯಿಂದ ಆಗುಂಬೆ, ಘಾಟಿ ಇಳಿದು ಸೋಮೇಶ್ವರ, ಹೆಬ್ರಿ, ಉಡುಪಿ, ಕೊನೆಗೆ ಮಲ್ಪೆ. ಇದೂ ಹೆಚ್ಚುಕಡಿಮೆ ಅಷ್ಟೇ ದೂರ.

ಒಂದು ದಿನದ ದಾರಿ ನಾಲ್ಕು ದಿನವಾಯಿತು ಎಂದು ಮಗ ಮೊದಲು ಮುಖ ಸಣ್ಣದು ಮಾಡಿದ. ಮೊಮ್ಮಗಳು ಕೈ ಮೇಲೆ ಲೆಕ್ಕ ಹಾಕಿ, "ಹಾಗಾದ್ರೆ ನಾಲ್ಕು ದಿನ ಅಪ್ಪನ ಜೊತೆ" ಅಂದಳು. ಆಮೇಲೆ ಅವನು ಮಾತಾಡಲಿಲ್ಲ.

ಅಮ್ಮ ಎಲ್ಲಿ?

ಅಪ್ಪ ಮುಂದೆ, ಅಮ್ಮ ಹಿಂದೆ, ನಡುವೆ ಮಗು. ಈ ಚಿತ್ರ ನಮ್ಮ ಎಲ್ಲ ಊರಿನ ಬೀದಿಗಳಲ್ಲೂ ಉಂಟು. ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ಡಿ ಬೈಕುಗಳ ಕಾಲದಲ್ಲಿ ಇನ್ನೊಂದು ಮಗು ಪೆಟ್ರೋಲ್ ಟ್ಯಾಂಕಿನ ಮೇಲೂ ಇರುತ್ತಿತ್ತು. ಆದರೆ ಮೋಟಾರು ವಾಹನ ಕಾಯ್ದೆಯ 128ನೇ ಕಲಮು ಓಡಿಸುವವನನ್ನು ಬಿಟ್ಟು ಒಬ್ಬರಿಗೆ ಮಾತ್ರ ಅವಕಾಶ ಕೊಡುತ್ತದೆ. ಟ್ಯಾಂಕಿನ ಮೇಲೆ ಕೂತ ಮಗು ಗಕ್ಕನೆ ಬ್ರೇಕು ಹಾಕಿದಾಗ ಹ್ಯಾಂಡಲ್ಲಿಗೂ ಅಪ್ಪನ ಎದೆಗೂ ನಡುವೆ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಕಾಯ್ದೆ ಹೇಳಬೇಕಾಗಿಲ್ಲ.

ಹಾಗಾದರೆ ಸೊಸೆ ಏನು ಮಾಡಬೇಕು? ಅವಳು ಬಸ್ಸಿನಲ್ಲಿ ಹೋಗುತ್ತಾಳೆ, ಸಾಮಾನಿನ ಚೀಲದ ಜೊತೆ. ಇಡೀ ಯೋಜನೆಯಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟ ಏರ್ಪಾಡು ಇದು. ಬ್ಯಾಂಕಿಗೆ ಮೀಸಲು ನಿಧಿ ಇದ್ದ ಹಾಗೆ ಈ ಪ್ರಯಾಣಕ್ಕೆ ಆ ಬಸ್ಸು. ತಾಯಿ ಯಾವಾಗಲೂ ಒಂದು ಊರು ಮುಂದೆ ಇರುತ್ತಾಳೆ. ಮೊದಲ ದಿನ ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಕಾಯುತ್ತಾಳೆ. ಮಗು ಗೆಲುವಾಗಿ ಬಂದರೆ ತಾಯಿ ಮುಂದಿನ ಬಸ್ಸು ಹಿಡಿದು ಹಾಸನಕ್ಕೆ. ಮಗು ಬಾಡಿದ್ದರೆ ಅದೇ ಬಸ್ಸಿಗೆ ಮಗುವೂ. ಅಲ್ಲಿಂದ ಅಪ್ಪನ ಬೈಕು ಖಾಲಿ ಬರುತ್ತದೆ. ಅದಕ್ಕೆ ಯಾರೂ ಮುಖ ಸಿಂಡರಿಸುವ ಹಾಗಿಲ್ಲ.

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ನಮ್ಮ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿಲ್ಲ. ಗುರುತಿನ ಚೀಟಿ ಇಟ್ಟುಕೊಂಡರೆ ಸಾಕು. ಆಗುಂಬೆ ಘಾಟಿಯಲ್ಲಿ ಓಡುವವು ಹೆಚ್ಚಾಗಿ ಖಾಸಗಿ ಮಿನಿ ಬಸ್ಸುಗಳು, ಅಲ್ಲಿ ಮಾತ್ರ ಚಿಲ್ಲರೆ ಇಟ್ಟುಕೊಳ್ಳಬೇಕು.

ವಾಪಸು ಬರುವಾಗ ತಾಯಿ ಮಗಳು ಇಬ್ಬರೂ ಬಸ್ಸಿನಲ್ಲೇ. ಹೋಗುವ ಉತ್ಸಾಹ ಬರುವಾಗ ಇರುವುದಿಲ್ಲ. ಎಲ್ಲರೂ ದಣಿದಿರುತ್ತಾರೆ, ಮನೆ ಸೇರುವ ಆತುರ ಬೇರೆ. ಮಗ ಒಬ್ಬನೇ ಎರಡು ದಿನದಲ್ಲಿ ನಿಧಾನವಾಗಿ ಬರುತ್ತಾನೆ.

ತಲೆಗೂ ಕಾಲಿಗೂ

ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರೂ ಬೈಕಿನ ಮೇಲೆ ಹೆಲ್ಮೆಟ್ ಹಾಕಬೇಕೆಂದು 129ನೇ ಕಲಮು ಹೇಳುತ್ತದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೂ 2023ರ ಫೆಬ್ರವರಿ 15ರಿಂದ ಹೊಸ ನಿಯಮ ಬಂದಿದೆ. ಅವರಿಗೆ ಹೆಲ್ಮೆಟ್ ಬೇಕು, ಓಡಿಸುವವರ ಮೈಗೆ ಮಗುವನ್ನು ಸೇರಿಸಿ ಹಿಡಿಯುವ ಸುರಕ್ಷಾ ಪಟ್ಟಿ ಬೇಕು, ಬೈಕಿನ ವೇಗ ಗಂಟೆಗೆ 40 ದಾಟಬಾರದು. ಅಷ್ಟು ಚಿಕ್ಕ ಮಕ್ಕಳನ್ನು ದೂರದ ಊರಿಗೆ ಬೈಕಿನಲ್ಲಿ ಕರೆದೊಯ್ಯುವುದು ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಸೀಟಿನ ಮೇಲೆ ಕೂತಾಗ ಎರಡು ಪಾದವೂ ಫುಟ್‌ರೆಸ್ಟಿನ ಮೇಲೆ ಪೂರ್ತಿ ಊರುವಷ್ಟು ಉದ್ದ ಮಗು ಬೆಳೆಯಬೇಕು. ಕಾಲು ತೂಗಾಡುವ ಮಗುವಿಗೆ ತಿರುವಿನಲ್ಲಿ ಆಧಾರವೇ ಇಲ್ಲ. ಆ ದಿನ ಬರುವವರೆಗೆ ಸಮುದ್ರ ಎಲ್ಲಿಗೂ ಹೋಗುವುದಿಲ್ಲ.

ಸುರಕ್ಷಾ ಪಟ್ಟಿ 30 ಕಿಲೋ ಭಾರ ತಡೆಯುವಂತಿರಬೇಕೆಂದು ಅದೇ ನಿಯಮದಲ್ಲಿದೆ. ನಮ್ಮ ಹುಡುಗಿ 22 ಕಿಲೋ ಇದ್ದಾಳೆ. ಕಾನೂನಿನ ಪ್ರಕಾರ ಅವಳ ವಯಸ್ಸಿಗೆ ಪಟ್ಟಿ ಕಡ್ಡಾಯವಲ್ಲ, ಆದರೂ ಕೊಂಡಿದ್ದೇವೆ. ಪಟ್ಟಿ ಕಟ್ಟಿದ್ದೇವೆ, ಇನ್ನು ನಿದ್ದೆ ಹೋದರೂ ಚಿಂತೆಯಿಲ್ಲ ಎಂದು ಮಾತ್ರ ಯಾರೂ ತಿಳಿಯಬಾರದು. ಪಟ್ಟಿ ಮಗು ಜಾರದಂತೆ ಹಿಡಿಯಬಹುದು, ವಾಲುವ ಕತ್ತನ್ನು ಹಿಡಿಯುವುದಿಲ್ಲ.

ಹೆಲ್ಮೆಟ್ಟಿನ ಅಂಗಡಿಯಲ್ಲಿ ನಮ್ಮ ಜನರ ಒಂದು ಹಳೆಯ ಅಭ್ಯಾಸ ಅಡ್ಡ ಬರುತ್ತದೆ. ಶಾಲೆಯ ಸಮವಸ್ತ್ರವನ್ನು ಒಂದು ಅಳತೆ ದೊಡ್ಡದೇ ಕೊಳ್ಳುತ್ತೇವಲ್ಲ, "ಮುಂದಿನ ವರ್ಷಕ್ಕೂ ಆಗಲಿ" ಎಂದು? ಹೆಲ್ಮೆಟ್ಟಿಗೆ ಆ ಉಳಿತಾಯ ಬೇಡ. ಸಡಿಲವಾದ ಹೆಲ್ಮೆಟ್ಟು ಬಿದ್ದಾಗ ತಲೆಗಿಂತ ಮೊದಲು ತಾನೇ ಹಾರಿಹೋಗುತ್ತದೆ. ದರ್ಜಿಯ ಟೇಪಿನಲ್ಲಿ ಹುಬ್ಬಿನ ಮೇಲಿನಿಂದ ತಲೆಯ ಸುತ್ತಳತೆ ತೆಗೆದುಕೊಂಡು ಹೋಗಿ. ನಮ್ಮವಳದು 52 ಸೆಂಟಿಮೀಟರ್. ಐಎಸ್‌ಐ ಗುರುತು ನೋಡಿ. ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟು ತಲೆಯ ಜೊತೆಯೇ ತಿರುಗಬೇಕು, ತಾನೊಂದೇ ತಿರುಗಬಾರದು. ಗಲ್ಲದ ಪಟ್ಟಿಯ ಒಳಗೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ಆದಷ್ಟು ಹಗುರವಾದದ್ದನ್ನೇ ಆರಿಸಿ. ಮಕ್ಕಳ ಕತ್ತಿಗೆ ಭಾರದ ಹೆಲ್ಮೆಟ್ಟು ಅರ್ಧ ಗಂಟೆಯಲ್ಲೇ ನೋವು ತರುತ್ತದೆ.

ಮೈಗೆ ಉದ್ದ ತೋಳಿನ ದಪ್ಪ ಜಾಕೆಟ್ಟು, ಕಾಲಿಗೆ ಜೀನ್ಸು, ಪಾದಕ್ಕೆ ಶೂ. ಸಣ್ಣ ಮೈ ದೊಡ್ಡ ಮೈಗಿಂತ ಬೇಗ ಬಿಸಿ ಕಳೆದುಕೊಳ್ಳುತ್ತದೆ. ಅಪ್ಪನಿಗೆ ಹಿತವಾದ ಗಾಳಿ ಮಗಳಿಗೆ ಚಳಿಯಾಗಿರಬಹುದು. ಮಗುವಿನ ಬೆನ್ನಿಗೆ ಚೀಲ ಬೇಡ, ಅದು ಹಿಂದಕ್ಕೆ ಎಳೆಯುತ್ತದೆ. ದುಪಟ್ಟಾ, ಉದ್ದ ದಾರ, ತೂಗುವ ಪಟ್ಟಿ ಯಾವುದೂ ಚಕ್ರದ ಕಡೆ ಇಳಿಬೀಳಬಾರದು. ಹಿಂಬದಿಯವರಿಗೆ ಹಿಡಿ, ಫುಟ್‌ರೆಸ್ಟು, ಹಿಂದಿನ ಚಕ್ರದ ಅರ್ಧವಾದರೂ ಮುಚ್ಚುವ ಸೀರೆ ಗಾರ್ಡು ಈ ಮೂರೂ ಇರಬೇಕೆಂಬುದು ನಿಯಮ. ಚಂದ ಕಾಣುವುದಿಲ್ಲವೆಂದು ಗಾರ್ಡು ಬಿಚ್ಚಿಸಿದವರು ಮಗುವನ್ನು ಕೂರಿಸುವ ಮೊದಲು ಮತ್ತೆ ಹಾಕಿಸಬೇಕು. ನಮ್ಮ ಮಗನೂ ಹಾಕಿಸಿದ.

ಕಾಗದ ಪತ್ರ

ಬ್ಯಾಂಕಿನವನು ಈ ವಿಷಯ ಬಿಡಲಾರ, ಕ್ಷಮಿಸಿ. ಬೈಕಿನ ವಿಮಾ ಪತ್ರವನ್ನು ಒಮ್ಮೆ ತೆಗೆದು ಓದಿ. ಕಾನೂನಿಗೆ ಬೇಕಾದಷ್ಟು ಮಾತ್ರ ಇರುವ, ಕಡಿಮೆ ಕಂತಿನ ಪಾಲಿಸಿಯಲ್ಲಿ ಹಿಂದೆ ಕೂತವರ ಜವಾಬ್ದಾರಿ ವಿಮಾ ಕಂಪನಿಗೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2006ರ ಒಂದು ತೀರ್ಪಿನಲ್ಲಿ ಹೇಳಿದೆ. ಸಮಗ್ರ ಪಾಲಿಸಿಯಲ್ಲಿ ಆ ಜವಾಬ್ದಾರಿ ಸೇರಿರುತ್ತದೆ. ಮಾಲೀಕರಿಗೆ 15 ಲಕ್ಷ ರೂಪಾಯಿಯ ಅಪಘಾತ ವಿಮೆ ಇದ್ದರೂ ಅದು ಮಾಲೀಕ ಚಾಲಕನಿಗೆ ಮಾತ್ರ, ಹಿಂದೆ ಕೂತ ಮಗುವಿಗಲ್ಲ. ಹಿಂಬದಿಯವರಿಗೂ ಅಪಘಾತ ವಿಮೆಯನ್ನು ಸ್ವಲ್ಪ ಹೆಚ್ಚಿನ ಕಂತು ಕಟ್ಟಿ ಸೇರಿಸಿಕೊಳ್ಳಬಹುದು. ಹೊರಡುವ ಮೊದಲು ಏಜೆಂಟರನ್ನು ಈ ಒಂದು ಮಾತು ಕೇಳಿ: "ಹಿಂದೆ ಕೂತವರಿಗೆ ಏನಿದೆ?" ಉತ್ತರ ಬಾಯಲ್ಲಿ ಬೇಡ, ಪಾಲಿಸಿಯ ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸಲಿ.

ಮಗುವಿನ ಜಾಕೆಟ್ಟಿನ ಒಳಜೇಬಿನಲ್ಲಿ ಒಂದು ರಟ್ಟಿನ ಚೀಟಿ ಇರಲಿ. ಹೆಸರು, ರಕ್ತದ ಗುಂಪು, ಒಗ್ಗದ ಔಷಧ ಇದ್ದರೆ ಅದು, ಅಮ್ಮನ ನಂಬರು, ಮನೆಯ ನಂಬರು. ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033. ಈ ಮೂರೂ ಮಕ್ಕಳಿಗೆ ಬಾಯಿಪಾಠ ಆಗಲಿ, ಮಗ್ಗಿಯ ಹಾಗೆ.

ದಾರಿಯ ನಿಯಮಗಳನ್ನೂ ಮೊದಲೇ ನೋಡಿಕೊಳ್ಳಿ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಬಂಡೀಪುರದ ಕಾಡಿನ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಊಟಿಯ ಕಡೆ ಹೊರಡುವವರು ಮಗುವನ್ನು ಕತ್ತಲಲ್ಲಿ ಎಬ್ಬಿಸಿ ಗೇಟಿನ ಮುಂದೆ ಚಳಿಯಲ್ಲಿ ನಿಲ್ಲಿಸುವುದು ಬೇಡ.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಲೀಟರಿಗೆ 45 ಕಿಲೋಮೀಟರ್ ಹಿಡಿದರೆ ಹೋಗಲು ಎಂಟು ಲೀಟರ್ ಪೆಟ್ರೋಲು, ಬರಲು ಎಂಟು. ಲೀಟರಿಗೆ 103 ರೂಪಾಯಿಯಂತೆ ಒಟ್ಟು 1,648 ರೂಪಾಯಿ. ಮಗುವಿನ ಹೆಲ್ಮೆಟ್ಟು, ಜಾಕೆಟ್ಟು, ಕೈಗವಸು, ಪಟ್ಟಿ ಸೇರಿ ಅದರ ಮೂರರಷ್ಟಾಯಿತು. ಈ ಖಾತೆಯಲ್ಲಿ ಹಾಗೆಯೇ ಇರಬೇಕು. ಪೆಟ್ರೋಲಿನ ಖರ್ಚು ಹೆಚ್ಚಾಗಿ ಹೆಲ್ಮೆಟ್ಟಿನ ಖರ್ಚು ಕಡಿಮೆ ಆಗಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ.

ಪುಟಾಣಿಗಳೇ, ಇದು ನಿಮ್ಮ ಕೆಲಸ

ಬೈಕಿನ ಹಿಂದೆ ಕೂರುವವರಿಗೆ ಕೆಲಸವಿಲ್ಲ ಎಂದು ಯಾರು ಹೇಳಿದರು? ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲು ನೋಡಿದ್ದೀರಲ್ಲ. ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ಪ್ರತಿಯೊಂದು ಕಲ್ಲು ಕಂಡಾಗಲೂ ಹಿಂದೆ ಕೂತವರು ಅಪ್ಪನ ಪಕ್ಕೆಗೆ ಒಂದು ಸಲ ತಟ್ಟಬೇಕು. ಗಂಟೆಗೆ 40ರ ವೇಗದಲ್ಲಿ ಒಂದೂವರೆ ನಿಮಿಷಕ್ಕೆ ಒಂದು ಕಲ್ಲು ಬರುತ್ತದೆ. ಎರಡು ಕಲ್ಲು ದಾಟಿದರೂ ತಟ್ಟು ಬರಲಿಲ್ಲವೆಂದರೆ ಅಪ್ಪ ಹಿಂದೆ ತಿರುಗಿ ನೋಡುವುದಿಲ್ಲ. ಇಂಡಿಕೇಟರ್ ಹಾಕಿ, ಪಕ್ಕಕ್ಕೆ ಬಂದು ನಿಲ್ಲುತ್ತಾನೆ. ಕಲ್ಲುಗಳಿಲ್ಲದ ರಸ್ತೆಯಾದರೆ ಸೇತುವೆ, ಬಸ್ ತಂಗುದಾಣ, ದೇವಸ್ಥಾನ ಯಾವುದನ್ನಾದರೂ ಎಣಿಸಬಹುದು. ಸೊಸೆಯ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ ಇದು.

ಎರಡು ಸಲ ತಟ್ಟಿದರೆ "ನಿಧಾನ". ಮೂರು ಸಲ ತಟ್ಟಿದರೆ "ನಿಲ್ಲಿಸು". ಮೂರು ತಟ್ಟಿದಾಗ ಅಪ್ಪ ಕಾರಣ ಕೇಳುವ ಹಾಗಿಲ್ಲ. ಮೊದಲು ನಿಲ್ಲಿಸಬೇಕು, ಆಮೇಲೆ ಕೇಳಬೇಕು. ನವಿಲು ಕಂಡಿತು ಎಂಬುದೂ ಒಳ್ಳೆಯ ಕಾರಣವೇ. ನವಿಲಿಗೆ ನಿಲ್ಲದ ಅಪ್ಪ ತಲೆ ಸುತ್ತಿದಾಗ ನಿಲ್ಲುತ್ತಾನೆಂದು ಮಗು ನಂಬುವುದು ಹೇಗೆ?

ಇಳಿಯುವಾಗ ಸೈಲೆನ್ಸರ್ ಇಲ್ಲದ ಕಡೆಯಿಂದ ಇಳಿಯಿರಿ, ಸಾಮಾನ್ಯವಾಗಿ ಅದು ಎಡಗಡೆ. ಅಪ್ಪ ಎರಡೂ ಕಾಲೂರಿ "ಹೂಂ" ಅನ್ನುವವರೆಗೆ ಹತ್ತಲೂ ಬೇಡಿ, ಇಳಿಯಲೂ ಬೇಡಿ. ತಿರುವಿನಲ್ಲಿ ಅಪ್ಪ ವಾಲಿದ ಕಡೆಗೇ ನೀವೂ ಇರಿ, ಎದುರು ಕಡೆ ಎಳೆಯಬೇಡಿ. ನೀರು ಬೇಡ ಅನ್ನಿಸಿದರೂ ಪ್ರತಿ ನಿಲುಗಡೆಯಲ್ಲಿ ನಾಲ್ಕು ಗುಟುಕು ಕುಡಿಯಿರಿ.

ಮನೆಯಲ್ಲೇ ಬರೆದಿಟ್ಟ ತೀರ್ಮಾನಗಳು

ದೊಡ್ಡವರಿಗೆ ಇನ್ನೊಂದು ಮಾತು ಉಳಿದಿದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗ ಅದು. ದಸರೆಯ ಹೊತ್ತಿಗೆ ಮಳೆಗಾಲ ಮುಗಿದಿದ್ದರೂ ಮೋಡ ಯಾರ ಮಾತೂ ಕೇಳುವುದಿಲ್ಲ. ಘಾಟಿಯ ತುದಿಯಲ್ಲಿ ನಿಂತು, "ಸ್ವಲ್ಪ ಹನಿ ಅಷ್ಟೇ, ಇಳಿದುಬಿಡೋಣ" ಎಂದು ಮನಸ್ಸು ಹೇಳುತ್ತದೆ. ಮೂರು ದಿನ ಬಂದಿದ್ದೇವೆ, ಸಮುದ್ರ ಇನ್ನು ಎರಡು ಗಂಟೆಯ ದಾರಿ, ಮಗಳು ಮುಖ ನೋಡುತ್ತಿದ್ದಾಳೆ. ಅಲ್ಲಿ ನಿಂತು ಸರಿಯಾದ ತೀರ್ಮಾನ ತೆಗೆದುಕೊಳ್ಳುವುದು ಬಹಳ ಕಷ್ಟ.

ಅದಕ್ಕೇ ತೀರ್ಮಾನವನ್ನು ಈಗಲೇ, ಊಟದ ಮೇಜಿನ ಮೇಲೆ ಬರೆದಿಟ್ಟಿದ್ದೇವೆ. ರಸ್ತೆ ಒದ್ದೆಯಾಗಿದ್ದರೆ ಅಥವಾ ಮಂಜಿನಲ್ಲಿ ಮುಂದಿನ ತಿರುವು ಕಾಣದಿದ್ದರೆ ಮಗು ತಾಯಿಯ ಜೊತೆ ಮಿನಿ ಬಸ್ಸಿನಲ್ಲಿ ಇಳಿಯುತ್ತದೆ. ಮಗುವಿಗೆ ಜ್ವರ, ವಾಂತಿ, ಹಿಂದಿನ ರಾತ್ರಿ ಸರಿಯಾದ ನಿದ್ದೆಯಿಲ್ಲ, ಇವುಗಳಲ್ಲಿ ಒಂದಿದ್ದರೂ ಆ ದಿನ ಬೈಕಿಲ್ಲ. ಅಪ್ಪನಿಗೆ ನಿದ್ದೆಯಿಲ್ಲದಿದ್ದರೂ ಇದೇ ನಿಯಮ. ಕತ್ತಲಾದ ಮೇಲೆ ಒಂದು ಕಿಲೋಮೀಟರೂ ಇಲ್ಲ. ಯಾವ ಊರಿನಿಂದ ಬೇಕಾದರೂ ಹಿಂದಿರುಗಬಹುದು. ಹಿಂದಿರುಗಿದ್ದಕ್ಕೆ ಮನೆಯಲ್ಲಿ ಯಾರೂ "ನಾನು ಮೊದಲೇ ಹೇಳಿರಲಿಲ್ಲವೇ" ಅನ್ನಕೂಡದು. ಈ ಕೊನೆಯ ಕಲಮನ್ನು ನನ್ನ ಹೆಂಡತಿಗೆ ಎರಡು ಸಲ ಓದಿ ಹೇಳಿದ್ದೇನೆ. ಒಪ್ಪಿದ್ದಾಳೆ.

ಆ ಹಾಳೆಗೆ ಮನೆಯ ಎಲ್ಲರೂ ಸಹಿ ಹಾಕಿದೆವು. ಮೊಮ್ಮಗಳು ಸಹಿ ಹಾಕುವ ಮೊದಲು ಪೆನ್ಸಿಲಿನಲ್ಲಿ ತನ್ನದೂ ಒಂದು ಸಾಲು ಸೇರಿಸಿದಳು: "ಸಮುದ್ರ ಸಿಗದೆ ವಾಪಸ್ ಬಂದರೆ ಅಪ್ಪನ ಮೇಲೆ ಕೋಪ ಮಾಡಿಕೊಳ್ಳಲ್ಲ." ಅದನ್ನು ಓದಿ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಳಗೆ ಸಹಿ ಹಾಕಿದ.

ಈ ರಜೆಯಲ್ಲಿ ಮಗುವನ್ನು ಕೂರಿಸಿಕೊಂಡು ಹೊರಡುವವರು ನಿಮ್ಮಲ್ಲೂ ಇದ್ದರೆ, ನಿಮ್ಮ ಹಾಳೆಯಲ್ಲೂ ಮಗುವಿಗೆ ಒಂದು ಸಾಲು ಖಾಲಿ ಬಿಡಿ. ಟೈರಿನ ಗಾಳಿ ಮತ್ತು ಬ್ರೇಕು ಹಿಂದಿನ ಸಂಜೆಯೇ ನೋಡಿಡಿ, ಬೆಳಗಿನ ಆತುರಕ್ಕೆ ಬಿಡಬೇಡಿ. ಹೋಗಿ ಬನ್ನಿ.